ಕೋಲಾರದ 563101ರ ಹೊಟ್ಟೆಯೊಳಗೆ ಏನಿದೆ?

ಕೋಲಾರ 563101, ಚಿಕ್ಕಬಳ್ಳಾಪುರ 562101, ತುಮಕೂರು 572101. ಕೊರಿಯರ್ ಕವರಿನ ಮೇಲೆ, ಬ್ಯಾಂಕಿನ ಅರ್ಜಿಯಲ್ಲಿ, ಮೊಬೈಲಿನಲ್ಲಿ ಸಾಮಾನು ತರಿಸುವಾಗ ಈ ಕಡೆಯವರು ಯೋಚನೆ ಮಾಡದೆ ಬರೆದುಬಿಡುವ ಅಂಕಿಗಳಿವು. ಪಿನ್‌ಕೋಡ್ ಪದ್ಧತಿ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ವಲಯ, ಎರಡನೆಯದು ಉಪವಲಯ, ಮೊದಲ ಮೂರೂ ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿ. ಅಂಚೆ ಇಲಾಖೆಗೆ ಇವು ಬರೀ ಗುರುತು. ಎರಡು ಪಿನ್‌ಕೋಡ್ ಕೂಡಿಸುವ ಕೆಲಸ ಯಾವ ಪೋಸ್ಟ್‌ಮ್ಯಾನ್‌ಗೂ ಬಂದಿರಲಿಕ್ಕಿಲ್ಲ.

ಗುರುತು ಎಂಬುದನ್ನು ಮರೆತು ಇವನ್ನು ಸಂಖ್ಯೆಗಳಾಗಿಯೇ ಓದಿ ನೋಡೋಣ: ಐದು ಲಕ್ಷದ ಅರವತ್ತಮೂರು ಸಾವಿರದ ನೂರ ಒಂದು. ದೊಡ್ಡ ಸಂಖ್ಯೆಯ ಸ್ವಭಾವ ತಿಳಿಯಲು ಇದು ಹದವಾದ ಗಾತ್ರ. ನೋಡಿದ ಕೂಡಲೇ ಒಳಗೇನಿದೆ ಎಂದು ಗೊತ್ತಾಗುವುದಿಲ್ಲ, ಆದರೆ ಪೆನ್ನು ಹಿಡಿದು ಕೂತರೆ ಲೆಕ್ಕ ಮುಗಿಯುತ್ತದೆ. ಮೇಲುನೋಟಕ್ಕೆ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. 562101ಕ್ಕೆ ಸಾವಿರ ಕೂಡಿಸಿದರೆ ಕೋಲಾರ, ಹತ್ತು ಸಾವಿರ ಕೂಡಿಸಿದರೆ ತುಮಕೂರು. ಒಳಗೆ ಹೊಕ್ಕರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಸಂಖ್ಯೆಯ ಒಳಗು ಎಂದರೆ ಅದರ ಅವಿಭಾಜ್ಯ ಅಪವರ್ತನಗಳು. ಹತ್ತನೇ ತರಗತಿಯಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಎಂದು ಓದಿದ್ದು ನೆನಪಿರಬಹುದು: 1ಕ್ಕಿಂತ ದೊಡ್ಡದಾದ ಯಾವುದೇ ಪೂರ್ಣ ಸಂಖ್ಯೆ ಒಂದೋ ತಾನೇ ಅವಿಭಾಜ್ಯ, ಇಲ್ಲವೇ ಅವಿಭಾಜ್ಯಗಳ ಗುಣಲಬ್ಧ, ಹಾಗೆ ಒಡೆಯುವ ರೀತಿಯೂ ಒಂದೇ ಒಂದು. ಪರೀಕ್ಷೆಯಲ್ಲಿ ಈ ಪ್ರಮೇಯವನ್ನು ಲಸಾಅ, ಮಸಾಅ ಕಂಡುಹಿಡಿಯಲು ಬಳಸಿ ಕೈಬಿಡುತ್ತೇವೆ. ಅದರ ನಿಜವಾದ ರುಚಿ ಸಿಗುವುದು ಅದಾದ ಮೇಲೆ.

ಕೋಲಾರದಿಂದ ಶುರು ಮಾಡೋಣ. ಕೊನೆಯ ಅಂಕಿ 1, ಆದ್ದರಿಂದ 2 ಮತ್ತು 5 ಭಾಗಿಸುವುದಿಲ್ಲ. ಅಂಕಿಗಳ ಮೊತ್ತ 16, ಹಾಗಾಗಿ 3 ಕೂಡ ಇಲ್ಲ. 7, 11 ಮತ್ತು 13 ಈ ಮೂರನ್ನೂ ಒಂದೇ ಏಟಿಗೆ ಪರೀಕ್ಷಿಸುವ ಉಪಾಯವೊಂದಿದೆ. 7 × 11 × 13 = 1001. ಅಂದರೆ ಸಾವಿರ ಎಂಬುದು ಈ ಮೂವರ ಲೆಕ್ಕದಲ್ಲಿ 'ಒಂದು ಕಡಿಮೆ'. 563101 ಅಂದರೆ 563 ಸಾವಿರ ಮತ್ತು 101. ಸಾವಿರದ ಬದಲು 1001 ಇಟ್ಟರೆ 563ರಷ್ಟು ಹೆಚ್ಚಾಗುತ್ತದೆ, ಅದನ್ನು ಕಳೆಯಬೇಕು:

563101 = 563 × 1001 + 101 − 563 = 563 × 1001 − 462

1001ರ ಭಾಗವನ್ನು 7, 11, 13 ಮೂರೂ ಹೇಗಿದ್ದರೂ ಭಾಗಿಸುತ್ತವೆ. ಹಾಗಾಗಿ ಆರು ಅಂಕಿಯ ಸಂಖ್ಯೆಯನ್ನು ಬಿಟ್ಟು ಬರೀ 462 ನೋಡಿದರೆ ಸಾಕು. 462 = 6 × 77. ಅಂದಮೇಲೆ 7 ಮತ್ತು 11 ಎರಡೂ ಕೋಲಾರವನ್ನು ಭಾಗಿಸುತ್ತವೆ, 13 ಭಾಗಿಸುವುದಿಲ್ಲ. ಮಧ್ಯಕ್ಕೆ ಕತ್ತರಿಸಿ, ಕಳೆದು, ಮಗ್ಗಿ ನೆನೆಸಿಕೊಂಡರೆ ಆಯಿತು. ಶಾಲೆಯಲ್ಲಿ 3, 9 ಮತ್ತು 11ರ ನಿಯಮ ಹೇಳಿಕೊಟ್ಟು ಇದನ್ನು ಯಾಕೆ ಬಿಡುತ್ತಾರೋ ತಿಳಿಯದು.

77ರಿಂದ ಭಾಗಿಸಿದರೆ ಉಳಿಯುವುದು 7313. ಈಗ ದಾರಿ ಸ್ವಲ್ಪ ಕಷ್ಟ, ಯಾಕೆಂದರೆ 13, 17, 19, 23 ಯಾವುದೂ ಕೆಲಸಕ್ಕೆ ಬರುವುದಿಲ್ಲ. ಹೀಗೆ ಒಂದೊಂದೇ ಹತ್ತುತ್ತಾ ಹೋಗುವ ಬದಲು ಫ್ರಾನ್ಸಿನ ಫರ್ಮಾ 17ನೇ ಶತಮಾನದಲ್ಲಿ ತೋರಿಸಿದ ಅಡ್ಡದಾರಿ ಹಿಡಿಯಬಹುದು. 7313ರ ವರ್ಗಮೂಲ 85 ಮತ್ತು 86ರ ನಡುವೆ ಇದೆ. 86ರ ವರ್ಗ 7396; ಅದರಿಂದ 7313 ಕಳೆದರೆ 83, ಅದು ವರ್ಗ ಸಂಖ್ಯೆಯಲ್ಲ. 87ರ ವರ್ಗ 7569, ಕಳೆದರೆ 256. ಅದು 16ರ ವರ್ಗ! ಹಾಗಾದರೆ 7313 = 87² − 16², ಎಂಟನೇ ತರಗತಿಯ a² − b² ಸೂತ್ರ ಹಾಕಿದರೆ (87 − 16)(87 + 16), ಅಂದರೆ 71 × 103. ಎರಡೇ ಪ್ರಯತ್ನದಲ್ಲಿ ಬೀಗ ತೆರೆಯಿತು. 71 ಮತ್ತು 103 ಒಂದಕ್ಕೊಂದು ಹತ್ತಿರ ಇದ್ದದ್ದರಿಂದ ಇದು ಸಲೀಸಾಯಿತು.

563101 = 7 × 11 × 71 × 103

ಈಗ ಚಿಕ್ಕಬಳ್ಳಾಪುರ. ಅಂಕಿಗಳ ಮೊತ್ತ 15, ಹಾಗಾಗಿ 3 ಭಾಗಿಸುತ್ತದೆ, ಭಾಗಲಬ್ಧ 187367. ಇಲ್ಲಿಗೆ ಬಂದು ಗಾಡಿ ನಿಲ್ಲುತ್ತದೆ. ಒಂದು ಸಂಖ್ಯೆ ಒಡೆಯುವುದಾದರೆ ಅದರ ಒಂದು ಅಪವರ್ತನವಾದರೂ ವರ್ಗಮೂಲವನ್ನು ಮೀರದೆ ಇರಲೇಬೇಕು, ಎರಡೂ ದೊಡ್ಡದಾದರೆ ಗುಣಲಬ್ಧ ಮೀರಿಹೋಗುತ್ತದೆ. 187367ರ ವರ್ಗಮೂಲ 432 ಮತ್ತು ಚಿಲ್ಲರೆ. 432ರವರೆಗೆ ಇರುವ ಅವಿಭಾಜ್ಯಗಳು 83. ಎಲ್ಲದರಿಂದಲೂ ಭಾಗಿಸಿ ನೋಡಿದರೆ ಪ್ರತಿ ಸಲವೂ ಏನಾದರೊಂದು ಶೇಷ. 103ರಿಂದ 10 ಉಳಿಯುತ್ತದೆ, 107ರಿಂದಲೂ 10, 173ರಿಂದ 8, 31ರಿಂದ ಬರೀ 3. ಕೈಗೆ ಸಿಕ್ಕಿತು ಅನ್ನುವಾಗ ಜಾರುತ್ತದೆ. ಕೊನೆಯ 431 ಕೂಡ ಸೋತ ಮೇಲೆ ಒಪ್ಪಿಕೊಳ್ಳಬೇಕು, 187367 ಅವಿಭಾಜ್ಯ.

562101 = 3 × 187367

ತುಮಕೂರಿನದು ಇವೆರಡರ ನಡುವಿನ ಸ್ವಭಾವ. 572 − 101 = 471; ಅದನ್ನು 7, 11, 13 ಯಾವುದೂ ಭಾಗಿಸುವುದಿಲ್ಲ. ಮುಂದಿನ 17 ಭಾಗಿಸುತ್ತದೆ, ಉಳಿದದ್ದು 33653. ಅದು 73 ಬರುವವರೆಗೆ ಸತಾಯಿಸಿ ಆಮೇಲೆ ಒಡೆಯುತ್ತದೆ.

572101 = 17 × 73 × 461

ಇದರ ಅರ್ಥವೇನು ಎನ್ನುವುದಕ್ಕೆ ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಜೋಡಿಸುವುದನ್ನು ಊಹಿಸಿಕೊಳ್ಳಿ. 563101 ಬಾಕ್ಸುಗಳಿವೆ, ಪ್ರತಿ ಸಾಲಿನಲ್ಲೂ ಸಮನಾಗಿ ಇಡಬೇಕು, ಒಂದೂ ಉಳಿಯಬಾರದು. 7 ಸಾಲು, 11 ಸಾಲು, 77 ಸಾಲು, 71 ಸಾಲು ಎಂದು ಬಗೆಬಗೆಯಾಗಿ ಇಡಬಹುದು. ಕೋಲಾರಕ್ಕೆ ಒಟ್ಟು 16 ಭಾಜಕಗಳು, ಅಂದರೆ ಎಂಟು ಬಗೆಯ ಆಯತಗಳು. ತುಮಕೂರಿಗೆ 8 ಭಾಜಕಗಳು, ನಾಲ್ಕು ಆಯತ. ಚಿಕ್ಕಬಳ್ಳಾಪುರಕ್ಕೆ ನಾಲ್ಕೇ ಭಾಜಕ: ಎಲ್ಲವನ್ನೂ ಒಂದೇ ಸಾಲಿನಲ್ಲಿಡಿ, ಇಲ್ಲವೇ ಮೂರು ಸಾಲು ಮಾಡಿ, ಬೇರೆ ದಾರಿಯಿಲ್ಲ.

ಇನ್ನೊಂದು ವಿಷಯ. ಇವುಗಳನ್ನು ಒಡೆಯುವ ಮೊದಲೇ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದಿತ್ತು: ಈ ಮೂರರಲ್ಲಿ ಯಾವ ಎರಡಕ್ಕೂ 1 ಬಿಟ್ಟರೆ ಸಾಮಾನ್ಯ ಅಪವರ್ತನ ಇಲ್ಲ. ಎರಡು ಸಂಖ್ಯೆಗಳನ್ನು ಭಾಗಿಸುವ ಯಾವುದೇ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. ಇಲ್ಲಿನ ವ್ಯತ್ಯಾಸಗಳು 1000, 9000 ಮತ್ತು 10000; ಅವುಗಳಲ್ಲಿ ಇರುವ ಅವಿಭಾಜ್ಯಗಳು 2, 3, 5 ಮಾತ್ರ. ನಮ್ಮ ಮೂರೂ ಸಂಖ್ಯೆ 1ರಲ್ಲಿ ಕೊನೆಯಾಗುವುದರಿಂದ 2 ಮತ್ತು 5 ಹೊರಗೆ. 3 ಭಾಗಿಸುವುದು ಚಿಕ್ಕಬಳ್ಳಾಪುರವನ್ನೊಂದೇ. ಮುಗಿಯಿತು. ಕೂಡುವ ಲೆಕ್ಕದಲ್ಲಿ ಅಕ್ಕಪಕ್ಕದ ಮನೆಯವರು, ಗುಣಿಸುವ ಲೆಕ್ಕದಲ್ಲಿ ಪರಿಚಯವೇ ಇಲ್ಲದವರು. ಸಂಖ್ಯೆಗಳ ಕಷ್ಟವಾದ ಪ್ರಶ್ನೆಗಳಲ್ಲಿ ಬಹುಪಾಲು ಹುಟ್ಟುವುದು ಈ ವಿರಸದಿಂದಲೇ.

ಅಂಕಿ ಕೂಡಿಸಿ ಭವಿಷ್ಯ ಹೇಳುವವರ ಬಳಿ ಈ ಪಿನ್‌ಕೋಡ್‌ಗಳನ್ನು ಒಯ್ದರೆ ಕೋಲಾರಕ್ಕೂ ತುಮಕೂರಿಗೂ ಒಂದೇ ಫಲ ಬರುತ್ತದೆ: ಎರಡಕ್ಕೂ ಮೊತ್ತ 16, ಮತ್ತೆ ಕೂಡಿಸಿದರೆ 7. ಅಂಕಿಗಳು ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬಂದ ವೇಷ. ಅದೇ ಸಂಖ್ಯೆಯನ್ನು ಎಂಟರ ಲೆಕ್ಕದಲ್ಲಿ ಬರೆದರೆ ಅಂಕಿಗಳೂ ಬೇರೆ, ಅವುಗಳ ಮೊತ್ತವೂ ಬೇರೆ. 17 × 73 × 461 ಎಂಬುದು ಮಾತ್ರ ಯಾವ ವೇಷದಲ್ಲೂ ಬದಲಾಗುವುದಿಲ್ಲ. ಏಳು ಎಂಬ ಒಂದೇ ಹಣೆಪಟ್ಟಿ ಹೊತ್ತ ಈ ಎರಡು ಊರುಗಳು ಎಷ್ಟು ವಿರುದ್ಧ ಸ್ವಭಾವದವು ಎಂದು ಮುಂದೆ ನೋಡುತ್ತೀರಿ.

ಅದಕ್ಕೆ ಮುಂಚೆ, ಒಡೆಯುವ ಕಷ್ಟದ ಬಗ್ಗೆ ಒಂದೆರಡು ಮಾತು. 3 × 187367 ಗುಣಿಸಲು ಅರ್ಧ ನಿಮಿಷ ಸಾಕು. 187367 ಒಡೆಯುವುದಿಲ್ಲ ಎಂದು ತಿಳಿಯಲು ಎಂಬತ್ತಮೂರು ಭಾಗಾಕಾರ ಬೇಕಾಯಿತು. ಸಂಖ್ಯೆ ಉದ್ದವಾದಷ್ಟೂ ಈ ಅಂತರ ಭಯಂಕರವಾಗಿ ಬೆಳೆಯುತ್ತದೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಈ ಅಂತರವನ್ನೇ ಗುಟ್ಟಿನ ಸಂದೇಶಗಳಿಗೆ ಬೀಗ ಮಾಡಿಕೊಂಡರು: ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಬಂದದ್ದನ್ನು ಊರಿಗೆಲ್ಲ ಸಾರಿ, ಅವೆರಡನ್ನು ಮಾತ್ರ ಗುಟ್ಟಾಗಿಡುವುದು. ಅವರು ಸವಾಲಾಗಿ ಮುಂದಿಟ್ಟ 129 ಅಂಕಿಯ ಸಂಖ್ಯೆಯನ್ನು ಒಡೆಯಲಾದದ್ದು 1994ರಲ್ಲಿ, ಇಂಟರ್‌ನೆಟ್ ಮೂಲಕ ನೂರಾರು ಜನರ ಕಂಪ್ಯೂಟರ್‌ಗಳನ್ನು ದುಡಿಸಿಕೊಂಡು. 250 ಅಂಕಿಯದೊಂದು 2020ರಲ್ಲಿ ಒಡೆಯಿತು. ಈಗ ಬಹಳ ಕಡೆ ಬಳಕೆಯಲ್ಲಿರುವುದು 617 ಅಂಕಿಯ ಸಂಖ್ಯೆಗಳು. ಚಿಕ್ಕಬಳ್ಳಾಪುರದಲ್ಲಿ ಮಾಡಿದ ಹಾಗೆ ಒಂದೊಂದರಿಂದಲೇ ಭಾಗಿಸಲು ಹೊರಟರೆ ತಲುಪಬೇಕಾದ ವರ್ಗಮೂಲವೇ 309 ಅಂಕಿಯದು. ಅಂಥ ಬೀಗ ಮಾಡುವಾಗ ಎರಡು ಅವಿಭಾಜ್ಯಗಳು ಒಂದಕ್ಕೊಂದು ತೀರಾ ಹತ್ತಿರ ಇರಬಾರದು ಎಂಬ ನಿಯಮವೂ ಇದೆ. ಯಾಕೆಂದು 71 × 103ರಲ್ಲಿ ಕಂಡಿರಿ: ಫರ್ಮಾನ ಅಡ್ಡದಾರಿ ಎರಡೇ ಹೆಜ್ಜೆಗೆ ಮುಗಿದುಬಿಡುತ್ತದೆ.

ಇಲ್ಲಿ ಬಹಳ ಜನ ಕಲಸಿಕೊಳ್ಳುವ ವಿಷಯವೊಂದಿದೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯುವುದು ಬೇರೆ, ಅಲ್ಲದಿದ್ದರೆ ಅದರ ಅಪವರ್ತನ ಹುಡುಕುವುದು ಬೇರೆ. ಮೊದಲನೆಯದು ಎರಡನೆಯದಕ್ಕಿಂತ ಎಷ್ಟೋ ಸುಲಭ. ಅಂಕಿಗಳು ಹೆಚ್ಚಿದರೂ ಹೊತ್ತು ಮಿತಿಮೀರದಂತೆ, ಅನುಮಾನಕ್ಕೆ ಎಡೆಯಿಲ್ಲದಂತೆ ಅದನ್ನು ಹೇಳುವ ವಿಧಾನವನ್ನು 2002ರಲ್ಲಿ ಕೊಟ್ಟವರು ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಅಪವರ್ತನ ಹುಡುಕಲು ನಮ್ಮ ಈಗಿನ ಕಂಪ್ಯೂಟರ್‌ಗಳಿಗೆ ಅಂಥ ಚುರುಕಾದ ವಿಧಾನ ಇನ್ನೂ ಯಾರಿಗೂ ಸಿಕ್ಕಿಲ್ಲ.

ಈಗ ಕೋಲಾರ, ತುಮಕೂರುಗಳ ವಿರೋಧಕ್ಕೆ ಬರೋಣ. ಪ್ರಶ್ನೆ ಸಣ್ಣದು. ಇವುಗಳನ್ನು ಎರಡು ವರ್ಗ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದೇ? 17 = 4² + 1², 73 = 8² + 3², ಹೀಗೆ. 7 ಅಥವಾ 11ಕ್ಕೆ ಪ್ರಯತ್ನಿಸಿ ನೋಡಿ, ಆಗುವುದಿಲ್ಲ. ಕಾರಣ 4ರಿಂದ ಭಾಗಿಸಿದಾಗ ಬರುವ ಶೇಷದಲ್ಲಿದೆ. ಸಮ ಸಂಖ್ಯೆಯ ವರ್ಗ 4ರಿಂದ ಪೂರ್ತಿ ಹೋಗುತ್ತದೆ, ಬೆಸ ಸಂಖ್ಯೆಯ ವರ್ಗಕ್ಕೆ 1 ಉಳಿಯುತ್ತದೆ. ಎರಡು ವರ್ಗ ಕೂಡಿಸಿದರೆ ಶೇಷ 0, 1 ಅಥವಾ 2 ಆಗಬಹುದು, 3 ಆಗಲಾರದು. 7ಕ್ಕೂ 11ಕ್ಕೂ ಶೇಷ 3.

ನಮ್ಮ ಮೂರೂ ಪಿನ್‌ಕೋಡ್‌ಗಳು 01ರಲ್ಲಿ ಕೊನೆಯಾಗುವುದರಿಂದ ಮೂರಕ್ಕೂ ಶೇಷ 1. ಹೊರಗಿನಿಂದ ನೋಡಿದರೆ ಯಾರಿಗೂ ಅಡ್ಡಿಯಿಲ್ಲ. ಒಳಗೆ ನೋಡಿ. ಕೋಲಾರದ 7, 11, 71, 103 ನಾಲ್ಕೂ ಶೇಷ 3ರ ಗುಂಪಿನವು. ಚಿಕ್ಕಬಳ್ಳಾಪುರದ 3 ಮತ್ತು 187367 ಕೂಡ ಅದೇ ಗುಂಪು. ತುಮಕೂರಿನ 17, 73, 461 ಮೂರೂ ಶೇಷ 1ರ ಗುಂಪು. ಒಂದಾದರೂ ಬೆರಕೆ ಬೇಡವೇ? ಯಾರೂ ಯೋಜಿಸಿ ಮಾಡಿದ್ದಲ್ಲ, ಕಾಕತಾಳೀಯ. ಆದರೆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ.

ಚಿಕ್ಕಬಳ್ಳಾಪುರ ಎರಡು ವರ್ಗಗಳ ಮೊತ್ತ ಆಗಲಾರದು ಎಂಬುದನ್ನು ಇಲ್ಲೇ ಸಾಧಿಸಬಹುದು. ಯಾವುದೇ ವರ್ಗವನ್ನು 3ರಿಂದ ಭಾಗಿಸಿದರೆ ಶೇಷ 0 ಅಥವಾ 1. ಎರಡು ವರ್ಗಗಳ ಮೊತ್ತ 3ರಿಂದ ಪೂರ್ತಿ ಹೋಗಬೇಕಾದರೆ ಎರಡರ ಶೇಷವೂ 0 ಆಗಬೇಕು. ಅಂದರೆ ಎರಡೂ ಸಂಖ್ಯೆಗಳು 3ರಿಂದ ಭಾಗವಾಗಬೇಕು, ಆಗ ಅವುಗಳ ವರ್ಗಗಳು 9ರಿಂದ ಭಾಗವಾಗುತ್ತವೆ, ಮೊತ್ತವೂ ಆಗಬೇಕು. 562101ರ ಅಂಕಿಗಳ ಮೊತ್ತ 15, 9ರಿಂದ ಹೋಗುವುದಿಲ್ಲ. ಬಾಗಿಲು ಮುಚ್ಚಿತು. ಕೋಲಾರಕ್ಕೆ 7 ಇಟ್ಟುಕೊಂಡು ಇದೇ ವಾದ ಹೂಡಬಹುದು: 7ರಿಂದ ವರ್ಗಗಳಿಗೆ ಬರುವ ಶೇಷ 0, 1, 2, 4 ಮಾತ್ರ, ಇವುಗಳಲ್ಲಿ ಯಾವ ಎರಡನ್ನು ಕೂಡಿಸಿದರೂ 7 ಬರುವುದಿಲ್ಲ, 0 ಮತ್ತು 0 ಸೇರಿದರೆ ಮಾತ್ರ ಶೇಷ ಸೊನ್ನೆ. ಹಾಗಾದರೆ 49 ಭಾಗಿಸಬೇಕಿತ್ತು, ಭಾಗಿಸುವುದಿಲ್ಲ. ಮೂರನೆಯ ವರ್ಗವೊಂದನ್ನು ಕೊಟ್ಟರೆ ಇಬ್ಬರೂ ಬಚಾವ್: 562101 = 748² + 49² + 14², 563101 = 750² + 24² + 5².

ತುಮಕೂರಿಗೆ ಆ ಸಹಾಯ ಬೇಕಿಲ್ಲ. 4ರಿಂದ ಭಾಗಿಸಿದಾಗ ಶೇಷ 1 ಬರುವ ಪ್ರತಿಯೊಂದು ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ ಎಂದು ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಬರೆದ. ಸಾಧನೆ ಕೊಟ್ಟವನು ನೂರು ವರ್ಷ ಕಳೆದ ಮೇಲೆ ಆಯ್ಲರ್. ಈ ತುಂಡುಗಳನ್ನು ಜೋಡಿಸುವ ಕೊಂಡಿ ಮಾತ್ರ ನಮ್ಮಲ್ಲಿ ಇನ್ನೂ ಸಾವಿರ ವರ್ಷ ಹಿಂದೆಯೇ ಇತ್ತು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಕೊಟ್ಟ ಸೂತ್ರದ ಒಂದು ರೂಪ ಇದು:

(a² + b²)(c² + d²) = (ac − bd)² + (ad + bc)²

ಚಿಹ್ನೆಗಳನ್ನು ಅದಲುಬದಲು ಮಾಡಿದರೂ ನಡೆಯುತ್ತದೆ: (ac + bd)² + (ad − bc)². ಹಾಗಾಗಿ ಪ್ರತಿ ಸಲ ಗುಣಿಸಿದಾಗಲೂ ಎರಡು ಉತ್ತರ. 17ಕ್ಕೆ 4 ಮತ್ತು 1, 73ಕ್ಕೆ 8 ಮತ್ತು 3 ಇಟ್ಟರೆ ಗುಣಲಬ್ಧ 1241ಕ್ಕೆ 29² + 20² ಒಂದು, 35² + 4² ಇನ್ನೊಂದು. 461 = 19² + 10². ಅದರೊಂದಿಗೆ ಮತ್ತೆ ಗುಣಿಸಿದರೆ ಎರಡು ನಾಲ್ಕಾಗುತ್ತದೆ:

572101 = 751² + 90²
= 705² + 274²
= 670² + 351²
= 625² + 426²

ಕ್ಯಾಲ್ಕುಲೇಟರ್ ಕೈಲಿದ್ದರೆ ಒಂದನ್ನಾದರೂ ತಾಳೆ ನೋಡಿ. 670ರ ವರ್ಗ 448900, 351ರ ವರ್ಗ 123201. ಕೂಡಿಸಿದರೆ ತುಮಕೂರು.

ನಾಲ್ಕೇ ಯಾಕೆ? ಟೊಮೆಟೊ ಬಾಕ್ಸಿನ ಆಯತಗಳೂ ತುಮಕೂರಿಗೆ ನಾಲ್ಕೇ ಇದ್ದವು, ಗಮನಿಸಿದಿರಾ? ಇದು ಆಕಸ್ಮಿಕವಲ್ಲ. ಜರ್ಮನಿಯ ಯಾಕೋಬಿ 19ನೇ ಶತಮಾನದಲ್ಲಿ ಕೊಟ್ಟ ನಿಯಮ ಹೀಗಿದೆ: ಭಾಜಕಗಳಲ್ಲಿ ಶೇಷ 1 ಬರುವವು ಎಷ್ಟು ಎಂದು ಎಣಿಸಿ, ಶೇಷ 3 ಬರುವವನ್ನು ಅದರಿಂದ ಕಳೆಯಿರಿ. ನಮ್ಮವುಗಳಂಥ ಬೆಸ ಸಂಖ್ಯೆ ತಾನೇ ವರ್ಗವಲ್ಲದಿದ್ದರೆ, ಉಳಿದದ್ದರ ಅರ್ಧದಷ್ಟು ಜೋಡಿಗಳು ಸಿಗುತ್ತವೆ. ತುಮಕೂರಿನ ಎಂಟು ಭಾಜಕಗಳೂ ಶೇಷ 1ರವು; ಎಂಟರಲ್ಲಿ ಸೊನ್ನೆ ಕಳೆದರೆ ಎಂಟು, ಅರ್ಧ ನಾಲ್ಕು. ಕೋಲಾರದ ಹದಿನಾರು ಭಾಜಕಗಳಲ್ಲಿ ಎಂಟು ಆ ಕಡೆ, ಎಂಟು ಈ ಕಡೆ: ಶೇಷ 3ರ ಎರಡು ಸಂಖ್ಯೆ ಗುಣಿಸಿದರೆ 9, ಅದರ ಶೇಷ 1, ಮೂರನ್ನು ಗುಣಿಸಿದರೆ ಮತ್ತೆ 3. ಎಂಟಕ್ಕೆ ಎಂಟು ವಜಾ, ಸೊನ್ನೆ. ಚಿಕ್ಕಬಳ್ಳಾಪುರದಲ್ಲಿ ಎರಡಕ್ಕೆ ಎರಡು ವಜಾ. ಆಗುವುದೇ ಇಲ್ಲ ಎಂದು ಮೇಲೆ ಕಷ್ಟಪಟ್ಟು ವಾದಿಸಿದ್ದು ಇಲ್ಲಿ ಒಂದು ಕಳೆಯುವ ಲೆಕ್ಕವಾಗಿ ಬರುತ್ತದೆ.

ಈ ನಿಯಮ ಹಿಡಿದುಕೊಂಡು ಅಕ್ಕಪಕ್ಕದ ತಾಲ್ಲೂಕುಗಳಿಗೂ ಹೋಗಬಹುದು. ಚಿಂತಾಮಣಿ ಸ್ವಾರಸ್ಯದ ಊರು. 2007ರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ಅದು ಹೊಸ ಜಿಲ್ಲೆಗೆ ಸೇರಿತು, ಪಿನ್‌ಕೋಡ್ ಮಾತ್ರ ಕೋಲಾರದ ಸಾಲಿನಲ್ಲೇ ಉಳಿಯಿತು: 563125. ಗಣಿತದಲ್ಲಿ ಇದು ಎರಡೂ ಜಿಲ್ಲಾ ಕೇಂದ್ರಗಳನ್ನು ಬಿಟ್ಟು ತುಮಕೂರಿನ ಗುಂಪಿಗೆ ಸೇರುತ್ತದೆ. ಕೊನೆಗೆ 25 ಇರುವುದರಿಂದ 5ರಿಂದ ಭಾಗಿಸುತ್ತಾ ಹೋಗಿ. ನಾಲ್ಕು ಸಲ ಭಾಗವಾಗಿ 901 ಉಳಿಯುತ್ತದೆ, ಅದು 17 × 53. 5, 17, 53 ಎಲ್ಲದರ ಶೇಷವೂ 1. 5 ನಾಲ್ಕು ಸಲ ಬರುವುದರಿಂದ ಭಾಜಕಗಳು 5 × 2 × 2, ಅಂದರೆ 20. ಯಾವುದೂ ವಜಾ ಆಗುವುದಿಲ್ಲ. ಹತ್ತು ಜೋಡಿ. ಮೊದಲನೆಯದು ಕಣ್ಣಿಗೇ ಕಾಣುತ್ತದೆ, 901 = 30² + 1², 625 = 25², ಹಾಗಾಗಿ 750² + 25². 901ನ್ನು 26² + 15² ಎಂದೂ ಬರೆಯಬಹುದಾದ್ದರಿಂದ 650² + 375² ಇನ್ನೊಂದು. 625 ಕೂಡ 24² + 7² ಆಗುತ್ತದೆ, 20² + 15² ಕೂಡ ಆಗುತ್ತದೆ. ಬ್ರಹ್ಮಗುಪ್ತನ ಸೂತ್ರಕ್ಕೆ ಇವನ್ನು ಹಾಕಿದರೆ 713² + 234², 727² + 186², 585² + 470², 615² + 430² ಹೊರಬರುತ್ತವೆ. ಇನ್ನು ನಾಲ್ಕು ಬಾಕಿ. ಅವಕ್ಕೆ 26 ಮತ್ತು 15ರ ಜೋಡಿಯನ್ನು ಹಾಕಿ ನೋಡಬೇಕು. ಒಂದರಲ್ಲಿ 745 ಬರುತ್ತದೆ, ಜೊತೆಗೆ 90.